ಐಸ್ ಡಬ್ಬಿ ಹಿಡಿದು ಹೊರಗೆ ನಿಂತ ಗೌರಕ್ಕ

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಕಚೇರಿಯ ಮಹಾಂತಯ್ಯ ಆ ಕಾಗದ ತಂದುಕೊಟ್ಟಾಗ ಗೌರಕ್ಕ ಗಾಜಿನ ಬಾಟಲಿಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಕೈ ಒರೆಸಿಕೊಂಡು, ಕನ್ನಡಕ ಏರಿಸಿಕೊಂಡು ಓದಿದಳು. ನಂಬಿಕೆಯಾಗದೆ ಮತ್ತೊಮ್ಮೆ ಓದಿದಳು. 'ಶ್ರೀಮತಿ ಗೌರವ್ವ ಸಿದ್ದಲಿಂಗಪ್ಪ ಹೂಲಿ ಇವರ ಅಲಕ್ಷ್ಯದಿಂದ ಪ್ರಯೋಗದ ಜೀವಕೋಶಗಳು ಅದಲುಬದಲಾಗಿ ಮೂರು ತಿಂಗಳ ಕೆಲಸ ಹಾಳಾಗಿದೆ. ಶನಿವಾರ ಹನ್ನೊಂದರೊಳಗೆ ತಪ್ಪೊಪ್ಪಿಗೆಗೆ ಸಹಿ ಮಾಡಿ ಸಲ್ಲಿಸತಕ್ಕದ್ದು. ಸದರಿ ತಪ್ಪೊಪ್ಪಿಗೆಯನ್ನು ಸಂಶೋಧನಾ ವರದಿಗೆ ಲಗತ್ತಿಸಲಾಗುವುದು.'

"ಅಕ್ಕಾರ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ನಾ ಬರೇ ತಂದುಕೊಡಾಂವ," ಎಂದ ಮಹಾಂತಯ್ಯ.

"ನಿಮ್ಮ ಮ್ಯಾಲ ಯಾಕ ಸಿಟ್ಟಾಗ್ಲಿ? ಇದನ್ನ ಬರದವರಿಗೆ ಏನಾಗಿತ್ತು ಅಂತ ಕೇಳಾಕತ್ತೇನಿ. ಅದಲುಬದಲು ಅಂತ! ಇಪ್ಪತ್ತೆಂಟು ವರ್ಷದಾಗ ಒಂದ ಬಾಟಲಿ ಅದಲುಬದಲು ಮಾಡಿಲ್ಲ ನಾ. ಹೇಳ್ರಿ ಅವರಿಗೆ."

ಹೇಳುವ ಧೈರ್ಯ ಮಹಾಂತಯ್ಯನಿಗೆ ಎಲ್ಲಿಂದ ಬರಬೇಕು? ಗೋಕುಲ ರಸ್ತೆಯ ವರ್ಕ್‌ಶಾಪುಗಳ ಹಿಂದಿನ ಓಣಿಯಲ್ಲಿರುವ ಆ ಚಿದ್ಘನ ಜೀವಕೋಶ ಸಂಶೋಧನಾ ಕೇಂದ್ರದಲ್ಲಿ ಮುಖ್ಯಸ್ಥರಾದ ಡಾಕ್ಟರ್ ಏಕನಾಥ ಗಲಗಲಿಯವರ ಎದುರು ಯಾರೂ ಏನೂ ಹೇಳುವುದಿಲ್ಲ. ಅವರು ಮೆಲುದನಿಯವರು, ಧಾರವಾಡದ ಸಂಭಾವಿತರು, ಸಂಜೆ ಸಂಗೀತ ಕೇಳುವವರು. ಎದುರು ನಿಂತು ಬೈದವರಲ್ಲ. ಬೈಯುವವರಾಗಿದ್ದರೆ ಎಷ್ಟೋ ಚಲೋ ಇತ್ತು, ತಿರುಗಿ ಉತ್ತರ ಕೊಡಬಹುದಿತ್ತು. ಇವರು ಟೈಪು ಮಾಡಿಸಿ ಕಳಿಸುತ್ತಾರೆ.

"ಸಾಹೇಬ್ರ ಅಂತಾರ, ಫಿಲ್ಮಿನ್ಯಾಗ ಏನೂ ಬಂದಿಲ್ಲ ಅಂತ," ಮಹಾಂತಯ್ಯ ಸ್ಟೂಲು ಎಳೆದುಕೊಂಡ. "ಅದರಾಗ ಏನು ಬರಬೇಕಿತ್ರಿ?"

ಗೌರಕ್ಕನಿಗೆ ಸಿಟ್ಟಿನಲ್ಲೂ ವಿವರಿಸುವ ಹುಚ್ಚು. "ಕೇಳ್ರಿ ಇಲ್ಲೆ. ಒಂದೊಂದು ಜೀವಕೋಶದ ನಡುವ ಒಂದು ಖೋಲಿ ಇದ್ದಂಗ ಕೋಶಕೇಂದ್ರ ಅಂತ ಐತಿ. ವಂಶದ ಕಾಗದಪತ್ರ ಎಲ್ಲಾ ಅದರಾಗ. ಅದರ ಗೋಡಿಗೆ ಒಳಗಿನಿಂದ ಒಂದು ಜಾಳಗಿ ಹೆಣದಿರತೈತಿ, ಲ್ಯಾಮಿನ್ ಅನ್ನೋ ಪ್ರೋಟೀನಿಂದು. ಅದು ಇದ್ದರ ಗೋಡಿ ನೆಟ್ಟಗ. ಆದ್ರ ಒಂದು ಕೋಶ ಎರಡಾಗೂವಾಗ ಗೋಡಿ ಬಿಚ್ಚಬೇಕು, ಕಾಗದಪತ್ರ ಪಾಲಾಗಬೇಕು. ಆಗ ಜಾಳಗಿ ಹರದು ಒಗಿಯೂದಿಲ್ಲ ಅದು. ಒಂದೊಂದು ಎಳಿಗೂ ಫಾಸ್ಫೇಟಿಂದು ಒಂದು ಸಣ್ಣ ಗುರುತು ಹಚ್ಚತೈತಿ. ಗುರುತು ಹತ್ತಿದ ಎಳಿ ಬಾಜೂದ ಎಳೀನ ಕೈಬಿಡತೈತಿ. ಪಾಲು ಮುಗದ ಮ್ಯಾಲ ಗುರುತು ತಗದು, ಅದ ಎಳೀಲೆ ಎರಡೂ ಕಡೆ ಜಾಳಗಿ ಹೆಣೀತೈತಿ. ಕೋಶದೊಳಗಿನ ಪ್ರೋಟೀನು ಫಿಲ್ಮಿನ ಮ್ಯಾಲ ಕಪ್ಪ ಗೆರಿಯಾಗಿ ಮೂಡತಾವು, ಆ ಗುರುತಿಂದೂ ಒಂದು ಗೆರಿ ಅದರಾಗ ಕಾಣಬೇಕಿತ್ತು."

"ಅಲ್ರಿ, ಮೊದಲ ಸರಿಯಾಗಿ ಮಾಡಿ ಇಟ್ಟರ ಆಗೂದಿಲ್ಲೇನು? ಮಾಡೂದು, ಆಮ್ಯಾಲ ತಿದ್ದೂದು. ನಮ್ಮ ಆಫೀಸ್ ಇದ್ದಂಗ ಆತು."

"ಮೊದಲೂ ಸರಿಯಾಗೇ ಮಾಡಿರತೈತಿ. ಆದ್ರ ಅದ ಎಳಿ ಒಮ್ಮೆ ಬಿಗಿಯಾಗಿ ನಿಂದ್ರಬೇಕು, ಒಮ್ಮೆ ಬಿಡಬೇಕು. ಹುಟ್ಟಿದಾಗಿನ ರೂಪ ಒಂದ ಹ್ಯಾಂಗ ಸಾಲತೈತಿ? ಪ್ರತಿ ಸಲ ಹೊಸಾದು ಮಾಡಕೋತ ಕುಂತರ ಹೊತ್ತು ಮೀರತೈತಿ. ನಮ್ಮಪ್ಪ ಜಂಪರ ಹೊಲೀತಿದ್ದ. ಮೊದಲು ಕಚ್ಚಾ ಹೊಲಿಗಿ ಹಾಕಿ ಬಟ್ಟಿ ಹಿಡದು ನಿಂದ್ರಿಸಾಂವ, ಮಶೀನ್ ಹೊಲಿಗಿ ಬಿದ್ದ ಮ್ಯಾಲ ಆ ದಾರ ಎಳದು ಒಗಿಯಾಂವ. ಹೊಸಾ ಲ್ಯಾಮಿನ್ನಿಗೂ ಹಂಗ. ಗೋಡಿಗೆ ಹೋಗಿ ಅಂಟಾಕ ಒಂದು ಜಿಡ್ಡಿನ ಬಾಲ ಹಚ್ಚತೈತಿ, ಅಂಟಿದ ಮ್ಯಾಲ ಕತ್ತರಿಸಿ ಬಿಡತೈತಿ. ಆ ಬಾಲ ಕತ್ತರಿಸೂದು ತಪ್ಪಿತಂದ್ರ ಗೋಡಿ ಎಲ್ಲಾ ಸುಕ್ಕು. ಅಂಥಾ ಕೂಸುಗಳಿಗೆ ಹತ್ತು ವರ್ಷಕ್ಕ ಮುಪ್ಪು ಬರತೈತ್ರಿ, ಮಹಾಂತಯ್ಯಾರ. ಆಟ ಅಲ್ಲ ಇದು."

ಮಹಾಂತಯ್ಯನಿಗೆ ತಿಳಿಯಿತು. ಹತ್ತು ನಿಮಿಷ ಕೂತು ಕೇಳಿದ್ದಕ್ಕೆ ತಿಳಿಯಿತು. ಏಕನಾಥರು ಕೇಳಲೇ ಇಲ್ಲ. ಸೋಮವಾರ ಬಂದ ಫಿಲ್ಮಿನಲ್ಲಿ ಲ್ಯಾಮಿನ್ನಿನ ಗೆರೆ ಇತ್ತು, ಗುರುತಿನ ಗೆರೆಯ ಜಾಗ ಖಾಲಿ. ಅಂದ ಮೇಲೆ ಎರಡಾಗುತ್ತಿರುವ ಕೋಶಗಳ ಬದಲು ಸುಮ್ಮನೆ ಕೂತ ಕೋಶಗಳನ್ನು ಗೌರಕ್ಕ ಕೊಟ್ಟಿದ್ದಾಳೆ. ಅಲ್ಲಿಗೆ ವಿಚಾರಣೆ ಮುಗಿಯಿತು! ಮೂವತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಹೆಂಗಸನ್ನು ಕರೆದು, 'ಏನಾಯಿತು' ಎಂದು ಕೇಳುವ ಸೌಜನ್ಯವೂ ಇಲ್ಲ.

ಗೌರಕ್ಕ ಆ ಕೇಂದ್ರಕ್ಕೆ ಬಂದದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ಪಿಯುಸಿ ಸೈನ್ಸ್ ಪಾಸಾಗಿತ್ತು, ಮುಂದೆ ಓದಿಸುವವರಿರಲಿಲ್ಲ. ತೊಳೆಯುತ್ತ ತೊಳೆಯುತ್ತ ನೋಡಿದಳು, ನೋಡುತ್ತ ಕಲಿತಳು. ಎರಡು ವರ್ಷಕ್ಕೆ ಜೀವಕೋಶಗಳಿಗೆ ಆಹಾರ ಹಾಕುವುದು ಬಂತು. ಐದು ವರ್ಷಕ್ಕೆ, ಬಾಟಲಿಯನ್ನು ಬೆಳಕಿಗೆ ಹಿಡಿದು ಇವು ಸುಖವಾಗಿವೆಯೋ ಇಲ್ಲವೋ ಹೇಳುವಷ್ಟಾದಳು. ಅವಳ ಕೈಯಲ್ಲಿ ಎಂಟು ಹುಡುಗ ಹುಡುಗಿಯರು ಡಾಕ್ಟರೇಟು ಮುಗಿಸಿ ಹೋದರು. ಪ್ರಬಂಧದ ಮೊದಲ ಪುಟದಲ್ಲಿ ದೇವರಿಗೆ, ತಂದೆತಾಯಿಗೆ, ಒಬ್ಬಳಂತೂ ಸಾಕಿದ ನಾಯಿಗೂ ಹೆಸರು ಹಿಡಿದು ಕೃತಜ್ಞತೆ ಹೇಳಿದ್ದಾಳೆ. ಗೌರಕ್ಕನಿಗೆ ಸಿಕ್ಕದ್ದು 'ಮತ್ತು ಪ್ರಯೋಗಾಲಯದ ಸಿಬ್ಬಂದಿಗೆ.' ಇಪ್ಪತ್ತೆಂಟು ವರ್ಷದಲ್ಲಿ ಎಲ್ಲೂ ಅಚ್ಚಾಗದ ಅವಳ ಹೆಸರು ಈಗ ಮೊದಲ ಸಲ ಅಚ್ಚಾಗಲಿದೆ, ಅದೂ ಮನೆತನದ ಹೆಸರಿನ ಸಮೇತ, ತಪ್ಪಿನ ಪಕ್ಕದಲ್ಲಿ. ನಿವೃತ್ತಿಗೆ ಉಳಿದದ್ದು ಆರು ತಿಂಗಳು.

ಎರಡಾಗುವ ಕೋಶಗಳನ್ನು ಬೇರ್ಪಡಿಸುವುದು ಅವಳ ಕೈಯ ವಿದ್ಯೆ. ಕೋಶಗಳು ಬಾಟಲಿಯ ತಳಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ. ಎರಡಾಗುವ ಹೊತ್ತು ಬಂದ ಕೋಶ ಮಾತ್ರ ಸಾಸಿವೆಯ ಹಾಗೆ ಗುಂಡಗಾಗುತ್ತದೆ, ಅದರ ಹಿಡಿತ ಸಡಿಲವಾಗುತ್ತದೆ. ಆಗ ಬಾಟಲಿಯ ಬದಿಗೆ ಅಂಗೈಯಿಂದ ಬಡಿಯಬೇಕು. ಜೋರಾಯಿತೋ ಎಲ್ಲವೂ ಕಿತ್ತು ಬರುತ್ತವೆ, ಮೆತ್ತಗಾಯಿತೋ ಒಂದೂ ಬರುವುದಿಲ್ಲ. ಎಷ್ಟು ಬಡಿಯಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ. ಸಂದರ್ಶಕರು ಬಂದಾಗ ಏಕನಾಥರು ನಗುತ್ತ, "ನಮ್ಮ ಗೌರಕ್ಕ ರೊಟ್ಟಿ ಬಡಿಯೋ ಕೈಲೇ ಇದನ್ನೂ ಬಡಿತಾಳ," ಎನ್ನುವುದಿತ್ತು. ಹೊಗಳಿಕೆ ಎಂದುಕೊಂಡಿದ್ದರು ಪುಣ್ಯಾತ್ಮರು. ಹನ್ನೆರಡು ವರ್ಷ ಬಡಿದು ಬಡಿದು ಕಲಿತದ್ದನ್ನು ಅಡಿಗೆಮನೆಗೆ ತಳ್ಳಿದರೆ ಯಾರಿಗೆ ಉರಿಯುವುದಿಲ್ಲ? ಅವಳಿಗೆ ಪ್ರತಿ ಸಲವೂ ಉರಿಯುತ್ತಿತ್ತು.

ಇನ್ನೊಂದು ರೂಢಿ ಅವಳದು. ಮನೆಯಲ್ಲಿ ಯಾರೂ ಉಣ್ಣುವ ಮೊದಲು ಒಂದು ಎಡೆ ತೆಗೆದಿಡುವುದಿಲ್ಲವೆ? ಹಾಗೆಯೇ ಬಡಿದು ಇಳಿಸಿದ ಕೋಶಗಳಿಂದ ಮೊದಲ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಅವು ಕೂತ ಕೂಡಲೇ ಫಾರ್ಮಲಿನ್ ಬಿಟ್ಟು, ಅಂಚಿಗೆ ಪೆನ್ಸಿಲಿನಲ್ಲಿ ತಾರೀಖು, ಸಮಯ ಬರೆದು ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಫಾರ್ಮಲಿನ್ ಬಿದ್ದ ಕೋಶ ಇದ್ದದ್ದು ಇದ್ದ ಹಾಗೇ ನಿಲ್ಲುತ್ತದೆ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಹುಡುಗರು 'ಗೌರಕ್ಕನ ಎಡಿ' ಎಂದು ನಗೆಯಾಡುತ್ತಿದ್ದರು.

ಇನ್ನು, ಎಲ್ಲ ಕೆಟ್ಟ ಹಿಂದಿನ ಗುರುವಾರದ ಸಂಗತಿ. ಕೇಂದ್ರಕ್ಕೆ ಹೊಸ ಸೂಕ್ಷ್ಮದರ್ಶಕ ಕೊಡಿಸಿದ ಹತ್ತಿ ವ್ಯಾಪಾರದ ಯಜಮಾನರೊಬ್ಬರಿಗೆ ಸನ್ಮಾನ. ಶಾಲು, ಹಾರ, ದೀಪ ಎಲ್ಲ ಸರಿ. ಏಕನಾಥರಿಗೆ ಇನ್ನೊಂದು ಹೊಳೆಯಿತು. ಅತಿಥಿಗಳ ಹಸ್ತದಿಂದಲೇ ಪ್ರಯೋಗಕ್ಕೆ ಚಾಲನೆ! ಅಂದರೆ, ಬೆಳಗ್ಗೆ ಗೌರಕ್ಕ ಬಡಿದು ಇಳಿಸಿದ್ದ ಕೋಶಗಳ ಆರು ನಳಿಕೆಗಳಿಗೆ, ಕೋಶಗಳನ್ನು ಒಡೆದು ಒಳಗಿನದನ್ನು ಹೊರತೆಗೆಯುವ ದ್ರವವನ್ನು ಯಜಮಾನರೇ ಹನಿಸಬೇಕು. ನಳಿಕೆಗಳು ಐಸಿನಲ್ಲಿದ್ದವು. ಐಸ್ ಇದ್ದದ್ದು ಒಂದು ಹಳೆಯ ಥರ್ಮೋಕೋಲ್ ಡಬ್ಬಿಯಲ್ಲಿ, ಮೂಲೆ ಮುರಿದು ಅಂಟುಪಟ್ಟಿ ಸುತ್ತಿದ್ದು.

"ಆ ಡಬ್ಬಿ ತಗೀರಿ, ಫೋಟೋದಾಗ ಅಸಹ್ಯ ಕಾಣಸ್ತದ," ಎಂದರು ಏಕನಾಥ. ನಳಿಕೆಗಳು ಸ್ಟೀಲ್ ತಾಟಿಗೆ ಬಂದವು. ಸುತ್ತ ಗುಲಾಬಿ ಪಕಳೆ ಬಂತು.

"ಸರ, ಅವು ಐಸಿನ್ಯಾಗ ಇರಬೇಕ್ರಿ. ದ್ರವಕ್ಕ ತಡೆಮದ್ದೂ ಹಾಕಿಲ್ಲ, ಇನ್ನೂ ಫ್ರಿಜ್ಜಿನ್ಯಾಗ ಐತಿ."

"ಐದ ನಿಮಿಷ, ಗೌರಕ್ಕ. ನೀವು ಡಬ್ಬಿ ಹಿಡಕೊಂಡು ಹೊರಗ ನಿಂದರ್ರಿ. ಮುಗದ ಕೂಡಲೆ ಕರೀತೇನಿ."

ಹೊರಗೆ ನಿಂತಳು. ಯಜಮಾನರು ದ್ರವ ಹನಿಸಿದರು, ಚಪ್ಪಾಳೆಯಾಯಿತು. ನಂತರ ಭಾಷಣ. ಅವರ ಅಜ್ಜ, ಅಜ್ಜನ ಹತ್ತಿ ಗಿರಣಿ, ಅಜ್ಜನ ಕುದುರೆ ಗಾಡಿ. ಬಾಗಿಲ ಸಂದಿಯಿಂದ ಗೌರಕ್ಕನಿಗೆ ತಾಟು ಕಾಣುತ್ತಿತ್ತು. ಗುರುತು ಹಚ್ಚುವುದೂ ಕೋಶವೇ, ಗುರುತು ತೆಗೆಯುವುದೂ ಕೋಶವೇ. ತೆಗೆಯುವ ರಸ ಕೋಶದೊಳಗೇ ಇರುತ್ತದೆ. ಕೋಶ ಒಡೆದಾಗ ಅದಕ್ಕೆ ಹೇಳುವವರು ಕೇಳುವವರು ಇರುವುದಿಲ್ಲ. ಐಸಿನಲ್ಲಿ ಮಂಕಾಗಿ ಬಿದ್ದಿರುತ್ತದೆ, ತಡೆಮದ್ದು ಹಾಕಿದರೆ ಸುಮ್ಮನಾಗುತ್ತದೆ. ಎರಡೂ ಇಲ್ಲದೆ ಬೆಚ್ಚಗೆ ಬಿಟ್ಟರೆ ಒಂದೊಂದೇ ಗುರುತನ್ನು ಕಿತ್ತುಹಾಕುತ್ತದೆ. ಒಳಗೆ ಕುದುರೆ ಗಾಡಿ ಓಡುತ್ತಿತ್ತು, ನಳಿಕೆಯಲ್ಲಿ ಗುರುತುಗಳು ಹೋಗುತ್ತಿದ್ದವು, ಡಬ್ಬಿಯ ಚಳಿಗೆ ಅವಳ ಬೆರಳು ಮರಗಟ್ಟಿದ್ದವು. ಐದು ನಿಮಿಷ ಎಂದದ್ದು ನಲವತ್ತು ದಾಟಿತು. ಕೊನೆಗೆ ಗ್ರೂಪ್ ಫೋಟೋಕ್ಕೂ ಅವಳನ್ನು ಕರೆಯಲಿಲ್ಲ. ಮಿರ್ಚಿ, ಗಿರ್ಮಿಟ್ಟು ತಿಂದ ತಾಟುಗಳನ್ನು ಎತ್ತುವಾಗ ಕರೆದರು.

ಆ ಮಂಗಳವಾರ ಸಂಜೆ ಚಿಗರಿ ಬಸ್ಸಿನಲ್ಲಿ ಉಣಕಲ್ಲಿನವರೆಗೆ ಸೀಟು ಸಿಕ್ಕರೂ ಗೌರಕ್ಕ ಕೂಡಲಿಲ್ಲ. ಮನೆಯಲ್ಲಿ ಗಂಡ ಸಿದ್ದಲಿಂಗಪ್ಪ ಕಾಗದ ಓದಿ ಮಡಚಿಟ್ಟ. ಅವನು ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್, ಜಗಳವಾಡದ ಮನುಷ್ಯ.

"ಆರ ತಿಂಗಳ ಉಳದೈತಿ, ಗೌರಾ. ಸಹಿ ಹಾಕಿ ಬಿಡು. ಯಾರು ಓದತಾರ ಆ ವರದಿ?"

"ಯಾರೂ ಓದಬ್ಯಾಡ್ರಿ, ನಾ ಓದತೇನಲ್ಲ! ನಿಮ್ಮ ಮ್ಯಾನೇಜರ ಮಶೀನ್ ಕೆಡಿಸಿ, ನೀವ ಕೆಡಿಸಿದ್ರಿ ಅಂತ ಬರಕೊಡ್ರಿ ಅಂದ್ರ ಕೊಡತೀರೇನು?"

ಸಿದ್ದಲಿಂಗಪ್ಪ ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ. "ಕೊಡೂದಿಲ್ಲ," ಎಂದ. "ಆದ್ರ ನನ್ನ ಕಡೆ ಮಶೀನ್ ಇರತೈತಿ ತೋರಸಾಕ. ನಿನ್ನ ಕಡೆ ಏನೈತಿ?"

ಗೌರಕ್ಕ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. "ಎಡಿ ಐತಿ," ಎಂದಳು. ಅಲ್ಲಿಯವರೆಗೆ ಅದು ಅವಳಿಗೂ ನೆನಪಾಗಿರಲಿಲ್ಲ. ಸಿಟ್ಟು ಅಷ್ಟು ಕಣ್ಣು ಕಟ್ಟಿತ್ತು.

ಬುಧವಾರ ಅವಳು ಹಿಡಿದದ್ದು ಋತುಜಾಳನ್ನು. ಆ ಪ್ರಯೋಗ ಈ ಹುಡುಗಿಯ ಪ್ರಬಂಧದ್ದು, ಪ್ರಬಂಧಕ್ಕೆ ಸಹಿ ಬೀಳಬೇಕಾದದ್ದು ಏಕನಾಥರದು. ಹುಡುಗಿ ಮುಖ ತಪ್ಪಿಸಿ ಓಡಾಡುತ್ತಿದ್ದಳು.

"ನನ್ನ ಪರವಾಗಿ ಮಾತಾಡು ಅನ್ನೂದಿಲ್ಲವ್ವಾ. ಈ ಗಾಜಿಗೆ ನಿನ್ನ ಬಣ್ಣ ಹಾಕಿ ಒಮ್ಮೆ ನೋಡು. ಅಷ್ಟ ಸಾಕು."

ಗುರುತು ಇದ್ದಲ್ಲಿ ಮಾತ್ರ ಅಂಟುವ ಹಸಿರು ಬಣ್ಣವನ್ನು ಋತುಜಾ ಆ ಪಟ್ಟಿಗೆ ಹಾಕಿ, ಯಜಮಾನರು ಕೊಟ್ಟ ಹೊಸ ಸೂಕ್ಷ್ಮದರ್ಶಕದಲ್ಲೇ ನೋಡಿದಳು. ಗುಂಡಗಿನ ಕೋಶಗಳು ತುದಿಯಿಂದ ತುದಿಗೆ ಹಸಿರಾಗಿ ಬೆಳಗುತ್ತಿದ್ದವು. ಕೋಶಕೇಂದ್ರದ ಗೋಡೆ ಒಂದರಲ್ಲೂ ಇರಲಿಲ್ಲ, ಜಾಳಿಗೆಯ ಎಳೆಗಳೆಲ್ಲ ಬಿಟ್ಟುಕೊಂಡು ಕೋಶದ ತುಂಬ ಹರಡಿದ್ದವು. ಅಂಚಿನಲ್ಲಿ ಪೆನ್ಸಿಲಿನ ಬರಹ: ಗುರುವಾರ, ಹತ್ತು ಐವತ್ತು. ಗೌರಕ್ಕ ಕೊಟ್ಟದ್ದು ಎರಡಾಗುತ್ತಿದ್ದ ಕೋಶಗಳನ್ನೇ. ಹತ್ತು ಐವತ್ತಕ್ಕೆ ಗುರುತು ಇತ್ತು, ಆಮೇಲೆ ಹೋಯಿತು.

"ಗೌರಕ್ಕಾ..." ಎಂದಳು ಋತುಜಾ, ಕಣ್ಣು ತುಂಬಿತ್ತು.

"ಆಮ್ಯಾಲ ಅಳು. ಇನ್ನೊಂದು ಕೆಲಸ ಐತಿ."

ಗುರುವಾರ ಗೌರಕ್ಕ ಹೊಸ ಕೋಶಗಳನ್ನು ಬಡಿದು ಇಳಿಸಿ ಎರಡು ಪಾಲು ಮಾಡಿ, ಎರಡಕ್ಕೂ ಒಡೆಯುವ ದ್ರವ ಹಾಕಿದಳು. ಒಂದು ನಳಿಕೆ ಐಸಿನ ಡಬ್ಬಿಯಲ್ಲಿ, ತಡೆಮದ್ದು ಹಾಕಿ. ಇನ್ನೊಂದು ಮದ್ದಿಲ್ಲದೆ ಸ್ಟೀಲ್ ತಾಟಿನಲ್ಲಿ, ನಲವತ್ತೆರಡು ನಿಮಿಷ. ಪಕ್ಕದಲ್ಲಿ ಒಂದು ಗುಲಾಬಿ ಪಕಳೆಯನ್ನೂ ಇಟ್ಟಳು. "ಅದು ಯಾಕ?" ಎಂದು ಋತುಜಾ ಕೇಳಿದರೆ, "ಸನ್ಮಾನದಾಗ ಏನೂ ಕಡಿಮಿ ಆಗಬಾರದು," ಎಂದಳು. ನಲವತ್ತೆರಡು ಎಂಬ ಲೆಕ್ಕ ಫೋಟೋ ತೆಗೆದ ಖಾದರಬಾಷಾ ಕೊಟ್ಟದ್ದು. ಅವನ ಕ್ಯಾಮೆರಾದಲ್ಲಿ ತಾಟಿನ ಮೊದಲ ಚಿತ್ರ ಹನ್ನೊಂದು ಇಪ್ಪತ್ನಾಲ್ಕಕ್ಕೆ, ಕೊನೆಯದು ಹನ್ನೆರಡು ಆರಕ್ಕೆ. "ಎಲ್ಲಾ ಫೋಟೋದಾಗ ತಾಟೈತಿ, ಅಕ್ಕಾ. ನೀನ ಒಂದರಾಗೂ ಇಲ್ಲಲ್ಲ," ಎಂದು ಅವನೇ ಬೇಸರಪಟ್ಟ.

ಶುಕ್ರವಾರ ಮಧ್ಯಾಹ್ನ ಫಿಲ್ಮು ಬಂತು. ಐಸಿನ ನಳಿಕೆಯ ಸಾಲಿನಲ್ಲಿ ಗುರುತಿನ ಗೆರೆ ದಪ್ಪಗೆ ಕಪ್ಪಗೆ ಮೂಡಿತ್ತು. ತಾಟಿನ ಸಾಲಿನಲ್ಲಿ ಏನೂ ಇರಲಿಲ್ಲ.

ಋತುಜಾ ಅದರ ಒಂದು ಪ್ರತಿಯನ್ನು ಏಕನಾಥರ ಟೇಬಲ್ಲಿನ ಮೇಲೆ ಇಟ್ಟು ಬಂದಳು. ಈಗಲಾದರೂ ಕರೆಯುತ್ತಾರೆ ಎಂದು ಗೌರಕ್ಕ ಕಾದಳು. ನಾಲ್ಕಾಯಿತು, ಐದಾಯಿತು. ಐದೂಕಾಲಿಗೆ ಮಹಾಂತಯ್ಯ ಇನ್ನೊಂದು ಕಾಗದ ಹಿಡಿದು ಬಂದ. ಈ ಸಲ ನಗುತ್ತ ಬಂದ. 'ತಮ್ಮ ದೀರ್ಘ ಸೇವೆಯನ್ನು ಪರಿಗಣಿಸಿ, ಸಹಾನುಭೂತಿಯಿಂದ, ಸದರಿ ತಪ್ಪನ್ನು ಮನ್ನಿಸಲಾಗಿದೆ.'

"ಸಾಹೇಬ್ರ ಹೇಳ್ಯಾರ, ರಿಟೈರ್ ಆಗೂ ದಿನ ನಿಮಗೂ ಶಾಲು ಹಾಕಿ ಸನ್ಮಾನ ಮಾಡೂಣು ಅಂತ," ಎಂದು ಬೇರೆ ಸೇರಿಸಿದ.

ಮೊದಲ ಕಾಗದ ಬಂದಾಗ ಗೌರಕ್ಕನಿಗೆ ಸಿಟ್ಟು ಬಂದಿತ್ತು. ಇದನ್ನು ಓದಿ ಹೇಸಿಗೆಯಾಯಿತು. ಸುಳ್ಳು ಆರೋಪಕ್ಕಿಂತ ಹೊಲಸು ಇದು. ಮಾಡದ ತಪ್ಪಿಗೆ ಕ್ಷಮೆ! ತಾನು ಕೆಡಿಸಿ, ಇನ್ನೊಬ್ಬರ ಮೇಲೆ ಹಾಕಿ, ಮೇಲೆ ದೊಡ್ಡ ಮನಸ್ಸು ತೋರಿಸುವುದು! ಈ ಕಾಗದ ಫೈಲಿನಲ್ಲಿ ಉಳಿದರೆ ತಪ್ಪೂ ಉಳಿಯಿತು, ಮೇಲೆ ಉಪಕಾರವೂ ಕೂತಿತು.

"ಮಹಾಂತಯ್ಯಾರ, ನನಗ ಶಾಲು ಮನ್ಯಾಗ ಎರಡ ಅದಾವು. ಈ ಕಾಗದ ತಿರುಗಿ ಒಯ್ಯಿರಿ. ಕ್ಷಮಾ ಮಾಡಿಸಿಕೊಳ್ಳಾಕ ನಾ ತಪ್ಪ ಮಾಡಿಲ್ಲ."

ಶನಿವಾರ ಹನ್ನೊಂದಕ್ಕೆ ವಾರದ ಸಭೆ. ಹುಡುಗರು ಸುತ್ತ ಕೂತಿದ್ದರು. ಸಿಬ್ಬಂದಿ ಸಭೆಗೆ ಬರುವ ರೂಢಿ ಇಲ್ಲ. ಗೌರಕ್ಕ ಬಂದಳು. ಕೈಯಲ್ಲಿ ಆ ಮುರುಕು ಥರ್ಮೋಕೋಲ್ ಡಬ್ಬಿ. ಅದನ್ನು ಏಕನಾಥರ ಎದುರಿನ ಟೇಬಲ್ಲಿನ ಮೇಲೆ ಇಟ್ಟು, ಅದರ ಮೇಲೆ ಗಾಜಿನ ಪಟ್ಟಿ, ಎರಡು ಸಾಲಿನ ಫಿಲ್ಮು, ಖಾದರಬಾಷಾ ಕೊಟ್ಟ ಎರಡು ಫೋಟೋ ಇಟ್ಟಳು.

"ನೋಡೀನಿ ಗೌರಕ್ಕ," ಎಂದರು ಏಕನಾಥ, ಅದೇ ಮೆಲುದನಿ. "ಈಗ ಯಾಕ ಬೆಳಸ್ತೀರಿ? ತಾಂತ್ರಿಕ ಕಾರಣದಿಂದ ಅಂತ ಬರದು ಮುಗಸೋಣು."

"ನನ್ನ ಹೆಸರು ಬರಿಯೂವಾಗ ಪೂರ್ತಿ ಬರದಿದ್ರಿ, ಸರ. ಗಂಡನ ಹೆಸರು, ಮನಿತನದ ಹೆಸರು ಎಲ್ಲಾ. ಈ ಕಾರಣಕ್ಕ ಹೆಸರಿಲ್ಲೇನು?"

ಏಕನಾಥರು ಕಿಟಕಿಯ ಕಡೆ ನೋಡಿದರು.

"ನೀವ ಕಲಿಸಿದ್ದು, ಸರ," ಗೌರಕ್ಕನ ದನಿ ಏರಿತು. "ಕೋಶ ತಾ ಮಾಡಿದ್ದನ್ನ ತಾನ ತಿದ್ದತೈತಿ ಅಂತ ಇದ ಬೋರ್ಡಿನ ಮ್ಯಾಲ ಚಿತ್ರಾ ತಗದು ತೋರಿಸಿದ್ರಿ. ತಿದ್ದದ ಬಿಟ್ಟರ ಗೋಡಿ ಸುಕ್ಕಾಗತೈತಿ ಅಂದಿದ್ರಿ. ನೀವು ಬರದ ಒಂದು ಕಾಗದ ತಿದ್ದಾಕ ನಿಮಗ ಇಷ್ಟು ಭಾರ ಆಗಾಕತ್ತೈತೇನು?"

"ಡಬ್ಬಿ ಯಾರು ತಗದ್ರು ಅಂತ ಈಗ ಯಾರಿಗೆ ನೆನಪದ..." ಎಂದು ಶುರು ಮಾಡಿದರು ಏಕನಾಥ.

"ನನಗ ನೆನಪದ, ಸರ." ಋತುಜಾ ಎದ್ದು ನಿಂತಿದ್ದಳು. "ತಗೀರಿ ಅಂದವರು ನೀವು. ಐಸಿನ್ಯಾಗ ಇರಬೇಕು ಅಂತ ಗೌರಕ್ಕ ಹೇಳಿದ್ರು. ನಾನೂ ಅಲ್ಲೇ ನಿಂತು ಕೇಳಿ ಸುಮ್ಮನಿದ್ದೆ. ಅದು ನನ್ನ ತಪ್ಪು."

ಗೌರಕ್ಕನಿಗೆ ಒಂದು ಕ್ಷಣ ಈ ಹುಡುಗಿಯ ಪ್ರಬಂಧದ ಚಿಂತೆ ಹತ್ತಿತು. ಆದರೆ ಆಡಿದ ಮಾತು ಎಲ್ಲರೂ ಕೇಳಿಯಾಗಿತ್ತು, ಹದಿನಾಲ್ಕು ಕಣ್ಣು ಏಕನಾಥರ ಮೇಲಿದ್ದವು. ಅವರು ಪ್ರಯೋಗಾಲಯದ ದಾಖಲೆ ಪುಸ್ತಕವನ್ನು ಎಳೆದುಕೊಂಡರು. ಪೆನ್ನಿನ ಮುಚ್ಚಳ ತೆಗೆಯಲು ಬಹಳ ಹೊತ್ತು ಹಿಡಿಯಿತು. 'ಶ್ರೀಮತಿ ಗೌರವ್ವ ಹೂಲಿಯವರ ಮೇಲಿನ ಆರೋಪ ನಿರಾಧಾರ. ನಳಿಕೆಗಳನ್ನು ಐಸಿನಿಂದ ತೆಗೆಸಿದವನು ನಾನು. ಗುರುತುಗಳು ಅದರಿಂದ ನಾಶವಾದವು.' ಸಹಿ ಮಾಡಿ ಪುಸ್ತಕ ತಿರುಗಿಸಿದರು. ಗೌರಕ್ಕ ಕನ್ನಡಕ ಏರಿಸಿಕೊಂಡು ಓದಿದಳು. ಎರಡು ಸಲ ಓದಿದಳು.

"ವ್ಯಾಳ್ಯಾನೂ ಬರೀರಿ, ಸರ. ನಲವತ್ತೆರಡು ನಿಮಿಷ. ಐದು ಅಲ್ಲ."

ಅವರು ಬರೆದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಏಕನಾಥರು ಕ್ಷಮಿಸಿ ಎನ್ನಲಿಲ್ಲ, ಅದನ್ನು ಕೇಳಲು ಅವಳು ನಿಲ್ಲಲೂ ಇಲ್ಲ. ಹನ್ನೆರಡಕ್ಕೆ ಒಂದು ಬಾಟಲಿಯ ಕೋಶಗಳು ಗುಂಡಗಾಗುವ ಹೊತ್ತು. ಡಬ್ಬಿ ಎತ್ತಿಕೊಂಡು ತನ್ನ ಕೋಣೆಗೆ ಬಂದಳು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಸಿಟ್ಟು ಇನ್ನೂ ಆರದ ಅಂಗೈಯನ್ನು ಸ್ವಲ್ಪ ತಡೆದು, ಎಷ್ಟು ಬೇಕೋ ಅಷ್ಟೇ ಬಡಿದಳು. ಮೊದಲ ಹನಿ ಗಾಜಿಗೆ ಬಿತ್ತು. ಫಾರ್ಮಲಿನ್ ಬಿಟ್ಟು, ಅಂಚಿಗೆ ಪೆನ್ಸಿಲಿನಲ್ಲಿ ತಾರೀಖು ಬರೆದಳು, ಸಮಯ ಬರೆದಳು. ಆಮೇಲೆ ಉಳಿದ ಸ್ವಲ್ಪ ಜಾಗದಲ್ಲಿ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ತನ್ನ ಹೆಸರನ್ನೂ ಬರೆದಳು.